ಚಿತ್ರ ನೋಡಿ, ಪುಸ್ತಕ ಮುಚ್ಚಿ!

"ನಾವೇ ಓದಿಲ್ಲ, ಮಕ್ಕಳಿಗೆ ಏನಂತ ಹೇಳಿಕೊಡೋಣ?"

ಜಗಳೂರು ತಾಲ್ಲೂಕಿನ ಬಿಳಿಚೋಡಿನಂಥ ಊರುಗಳಲ್ಲಿ ಮಕ್ಕಳ ಓದಿನ ಮಾತು ತೆಗೆದರೆ ಹಿರಿಯರಿಂದ ಬರುವ ಉತ್ತರ ಸಾಮಾನ್ಯವಾಗಿ ಇದೇ. ಪಾಠ ಶಾಲೆಗೆ ಸೇರಿದ್ದು, ಉಳಿದದ್ದು ಟ್ಯೂಷನ್ನಿಗೆ. ಮನೆಯವರದೇನಿದ್ದರೂ ಹೊತ್ತಿಗೆ ಸರಿಯಾಗಿ ಉಣ್ಣಿಸಿ ಕಳಿಸುವ ಕೆಲಸ ಎಂಬ ತೀರ್ಮಾನ ಅದರಲ್ಲಿದೆ. ಆದರೆ ಅಕ್ಷರ ಬಾರದವರೂ ಮಕ್ಕಳ ಜೊತೆ ಕೂತು ಓದಬಹುದಾದ ಪುಸ್ತಕವೊಂದಿದೆ. ಅದು ಚಿತ್ರಪುಸ್ತಕ. ಅದರ ಪಾಠ ಅರ್ಧ ಪುಟಗಳಲ್ಲಿದ್ದರೆ, ಇನ್ನರ್ಧ ಪುಸ್ತಕ ಮುಚ್ಚಿದ ಮೇಲೆ ಹಿತ್ತಲಲ್ಲಿ, ಹೊಲದಲ್ಲಿ ಸಿಗುತ್ತದೆ.

ಒಂದು ಉದಾಹರಣೆ ನೋಡೋಣ. ಅಮೆರಿಕದ ಎರಿಕ್ ಕಾರ್ಲ್ 1969ರಲ್ಲಿ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್' ಎಂಬ ಪುಸ್ತಕ ಮಾಡಿದರು. ಹಸಿದ ಹುಳುವೊಂದು ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪೇರು, ಹೀಗೆ ಶುಕ್ರವಾರದ ಹೊತ್ತಿಗೆ ಐದು ಕಿತ್ತಳೆ ತಿನ್ನುತ್ತಾ ಹೋಗುತ್ತದೆ. ಶನಿವಾರ ಕಂಡಕಂಡದ್ದನ್ನೆಲ್ಲ ತಿಂದು ಹೊಟ್ಟೆನೋವು ತಂದುಕೊಳ್ಳುತ್ತದೆ. ಹುಳು ತಿಂದ ಗುರುತಾಗಿ ಪುಟಗಳಲ್ಲಿ ನಿಜವಾದ ತೂತುಗಳೇ ಇವೆ; ಮಗು ಅದರಲ್ಲಿ ಬೆರಳು ತೂರಿಸಿ ನೋಡಬಹುದು. ಕಾರ್ಲ್ ಅವರಿಗೆ ಇದು ಹೊಳೆದದ್ದು ಕಾಗದದ ಕಟ್ಟಿಗೆ ಪಂಚಿಂಗ್ ಯಂತ್ರದಿಂದ ತೂತು ಹಾಕುತ್ತಿದ್ದಾಗಲಂತೆ.

ಈಗ ಪುಸ್ತಕ ಮುಚ್ಚಿ, ಮೆಕ್ಕೆಜೋಳದ ಹೊಲಕ್ಕೆ ಬನ್ನಿ. 2018ರಲ್ಲಿ ನಮ್ಮ ಶಿವಮೊಗ್ಗ ಸೀಮೆಯಲ್ಲೇ ದೇಶದಲ್ಲಿ ಮೊದಲ ಸಲ ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಮೆಕ್ಕೆಜೋಳ ಬೆಳೆಯುವವರನ್ನು ಎಷ್ಟು ಗೋಳಾಡಿಸಿತೆಂಬುದನ್ನು ಈ ಸೀಮೆಯ ರೈತರಿಗೆ ಹೇಳಬೇಕಿಲ್ಲ. ಅದು ಕಾಡಿದ ಗಿಡದ ಎಲೆಯೊಂದನ್ನು ಅಪ್ಪ ತಂದು ಮಗುವಿನ ಮುಂದಿಡಲಿ. ಔಷಧಿ ಹೊಡೆದ ಹೊಲದ ಎಲೆ ಮಾತ್ರ ಬೇಡ. ಎಲೆಯಲ್ಲಿ ಸಾಲಾಗಿ ತೂತುಗಳು, ಥೇಟ್ ಆ ಪುಸ್ತಕದ ಹಾಗೆ!

"ಅಪ್ಪಾ, ಇಷ್ಟೂ ತೂತು ಎಷ್ಟು ಹುಳ ಕೊರೆದ್ವು?" ಎಂದು ಮಗು ಕೇಳಿದರೆ ಉತ್ತರ ಮೇಷ್ಟರಿಗಿಂತ ಮೊದಲು ಅಪ್ಪನಿಗೆ ಗೊತ್ತಿರುತ್ತದೆ. ಒಂದೇ ಹುಳು ಸಾಕು. ಎಲೆ ಸುಳಿಯೊಳಗೆ ಸುತ್ತಿಕೊಂಡಿರುವಾಗ ಹುಳು ಒಂದು ಕಡೆ ಕೊರೆಯುತ್ತದೆ, ಸುತ್ತು ಬಿಚ್ಚಿದಾಗ ಅದೇ ಹಲವು ತೂತಾಗಿ ಕಾಣುತ್ತದೆ.

ನಂಬಿಕೆ ಬಾರದಿದ್ದರೆ ಹಳೆಯ ಪತ್ರಿಕೆಯ ಹಾಳೆಯನ್ನು ಸುಳಿಯಂತೆ ಸುರುಳಿ ಸುತ್ತಿ, ಚೀಲ ಹೊಲಿಯುವ ದಬ್ಬಳದಿಂದ ಒಂದೇ ಸಲ ಚುಚ್ಚಿ ಬಿಚ್ಚಿ ನೋಡಿ. (ದಬ್ಬಳ ದೊಡ್ಡವರ ಕೈಯಲ್ಲೇ ಇರಲಿ.) ತೂತುಗಳ ಸಾಲು ಬಂತಲ್ಲವೇ? ಸುರುಳಿಯ ಒಳಗಡೆಯ ತೂತುಗಳು ಹತ್ತಿರ ಹತ್ತಿರ, ಹೊರಗಡೆಯವು ತುಸು ದೂರ ದೂರ. ಏಕೆ ಹೀಗೆ ಎಂದು ಮಗುವೇ ಯೋಚಿಸಲಿ, ನೀವು ಅವಸರಪಟ್ಟು ಹೇಳಿಬಿಡಬೇಡಿ.

ಇನ್ನೊಂದು ಹಾಳೆಯನ್ನು ಸುತ್ತದೆ ಮಡಚಿ. ಒಮ್ಮೆ ಮಡಚಿ ನಡುವೆ ಚುಚ್ಚಿದರೆ ತೂತು 2. ಎರಡು ಸಲ ಮಡಚಿದರೆ 4, ಮೂರು ಸಲಕ್ಕೆ 8. ನಾಲ್ಕನೆಯ ಸಲ ಚುಚ್ಚುವ ಮುಂಚೆ "ಎಷ್ಟಾಗಬಹುದು?" ಎಂದು ಕೇಳಿ. 10 ಎನ್ನುವ ಮಗುವನ್ನು ತಿದ್ದಬೇಡಿ; ಹಾಳೆ ಬಿಚ್ಚಿ ಎಣಿಸಲು ಬಿಡಿ. ಎರಡರ ಮಗ್ಗಿ ಬಾಯಿಪಾಠವಿರುವ ಮಕ್ಕಳೂ ಇಲ್ಲಿ ಎಡವುತ್ತಾರೆ, ಏಕೆಂದರೆ ಇದು ಕೂಡುತ್ತಾ ಹೋಗುವ ಲೆಕ್ಕವಲ್ಲ, ಇಮ್ಮಡಿಯಾಗುವ ಲೆಕ್ಕ. ದೊಡ್ಡ ತರಗತಿಯ ಅಣ್ಣನೋ ಅಕ್ಕನೋ ಮನೆಯಲ್ಲಿದ್ದರೆ, ಹತ್ತು ಸಲ ಮಡಚಲು ಸಾಧ್ಯವಾಗಿದ್ದರೆ ಎಷ್ಟು ತೂತಾಗುತ್ತಿತ್ತು ಎಂದು ಅವರನ್ನೂ ಕೇಳಬಹುದು.

ಆ ಪುಸ್ತಕದಲ್ಲಿ ಒಂದು ತಪ್ಪೂ ಇದೆ! ಹುಳು ರೇಷ್ಮೆಹುಳುವಿನಂತೆ ಗೂಡು ಕಟ್ಟಿಕೊಂಡು, ಅದರಿಂದ ಚಿಟ್ಟೆಯಾಗಿ ಬರುತ್ತದೆ ಎಂದಿದೆ. ಚಿಟ್ಟೆಯ ಹುಳು ಸಾಮಾನ್ಯವಾಗಿ ಅಂಥ ಗೂಡು ಕಟ್ಟುವುದಿಲ್ಲ, ಬರಿಯ ಕೋಶವಾಗಿ ಕಡ್ಡಿಗೆ ಅಂಟಿಕೊಳ್ಳುತ್ತದೆ. ಹಿತ್ತಲಿನ ನಿಂಬೆ ಅಥವಾ ಕರಿಬೇವಿನ ಎಲೆಯಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುವ ಪುಟ್ಟ ಹುಳು ಸಿಕ್ಕರೆ ಅಗಲ ಬಾಯಿಯ ಬಾಟಲಿಯಲ್ಲಿ ಕಡ್ಡಿಯೊಂದನ್ನು ನಿಲ್ಲಿಸಿ ಸಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ. ದಿನವೂ ಅದೇ ಗಿಡದ ಹೊಸ ಎಲೆ ಹಾಕಬೇಕು, ಹಿಕ್ಕೆ ತೆಗೆಯಬೇಕು. ಚಿಟ್ಟೆ ಹೊರಬಂದ ಮೇಲೆ ರೆಕ್ಕೆ ಒಣಗುವವರೆಗೆ ಮುಟ್ಟದೆ, ಆಮೇಲೆ ಹಾರಿಬಿಡಿ. ಅಚ್ಚಾದದ್ದೆಲ್ಲ ನಿಜವಲ್ಲ, ನೋಡಿ ತಿಳಿಯಬೇಕು ಎಂಬುದನ್ನು ನಾಲ್ಕನೆಯ ವಯಸ್ಸಿನಲ್ಲೇ ಕಂಡುಕೊಂಡ ಮಗು ಅದೃಷ್ಟವಂತ ಎಂದೇ ನನ್ನ ಎಣಿಕೆ.

ಅಜ್ಜಿಯರಿಗೂ ಕೆಲಸವಿದೆ. ಮಕ್ಕಳ ಚಿತ್ರಪುಸ್ತಕಗಳಲ್ಲಿ ಬಹಳ ಹಳೆಯದು 1658ರಲ್ಲಿ ಕೊಮೀನಿಯಸ್ ಎಂಬ ಶಿಕ್ಷಣತಜ್ಞ ಹೊರತಂದ 'ಆರ್ಬಿಸ್ ಪಿಕ್ಟಸ್'. ಅದರ ಮೊದಲಲ್ಲೇ ಅಕ್ಷರಗಳನ್ನು ಕಲಿಸುವುದು ಪ್ರಾಣಿಗಳ ಕೂಗಿನಿಂದ. ಕಾಗೆಯ ಕೂಗಿಗೆ ಒಂದು ಅಕ್ಷರ, ಕುರಿಮರಿಯ ಕೂಗಿಗೆ ಇನ್ನೊಂದು. ನಮ್ಮ ಅಜ್ಜಿಯರಿಗೆ ಇದಕ್ಕಿಂತ ಹೆಚ್ಚು ಗೊತ್ತು. ಮರಿಗಳನ್ನು ಕಾಳಿಗೆ ಕರೆಯುವಾಗ ಕೋಳಿ ಹೇಗೆ ಕೂಗುತ್ತದೆ, ಹದ್ದು ಕಂಡಾಗ ಹೇಗೆ ಕೂಗುತ್ತದೆ ಎಂಬ ವ್ಯತ್ಯಾಸ ಯಾವ ಪುಸ್ತಕದಲ್ಲಿ ಸಿಗುತ್ತದೆ ಹೇಳಿ? ಪುಸ್ತಕದ ಅಕ್ಷರಗಳ ಮೇಲೆ ಕಾಗದದ ಪಟ್ಟಿ ಮುಚ್ಚಿ, ಬರಿಯ ಚಿತ್ರ ನೋಡಿ ಅಜ್ಜಿ ಕಥೆ ಹೇಳಲಿ. ಆಮೇಲೆ ಮೊಮ್ಮಗಳು ಪಟ್ಟಿ ಸರಿಸಿ ಓದಿ, ಎರಡು ಕಥೆಗಳನ್ನೂ ಹೋಲಿಸಲಿ. ಅಜ್ಜಿಯ ಕಥೆಯೇ ಚೆನ್ನಾಗಿತ್ತು ಎಂದರೆ ಅಚ್ಚರಿಪಡಬೇಡಿ.

ಪುಸ್ತಕಕ್ಕೆ ಹೆಚ್ಚು ದುಡ್ಡೇನೂ ಬೇಡ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಮಕ್ಕಳಿಗಾಗಿ 'ಓದುವ ಬೆಳಕು' ಕಾರ್ಯಕ್ರಮ ಆರಂಭವಾಯಿತು. ಒಮ್ಮೆ ಹೋಗಿ ವಿಚಾರಿಸಿ. ಮೊಬೈಲ್ ಇದ್ದರೆ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ 'ಸ್ಟೋರಿವೀವರ್'ನಲ್ಲಿ ಕನ್ನಡದ ಚಿತ್ರಕಥೆಗಳು ಉಚಿತ.

ಕೊನೆಗೆ ಮಗುವೇ ಒಂದು ಪುಸ್ತಕ ಮಾಡಲಿ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿಗಾಗಿ ವನ್ಯಧಾಮವಾಯಿತು. ನಾಲ್ಕು ಕೊಂಬಿನ ಈ ಪ್ರಾಣಿ ಇರುವುದು ಭಾರತ ಮತ್ತು ನೇಪಾಳದಲ್ಲಿ ಮಾತ್ರ, ಕೊಂಬು ಗಂಡಿಗಷ್ಟೇ. ಸಿಂಹ, ಜಿರಾಫೆಗಳ ಚಿತ್ರ ಬೇಕಾದಷ್ಟು ಸಿಗುತ್ತವೆ, ನಮ್ಮ ತಾಲ್ಲೂಕಿನ ಕೊಂಡುಕುರಿಯನ್ನು ಕೇಳುವವರಿಲ್ಲ. ಹಳೆಯ ಕ್ಯಾಲೆಂಡರಿನ ನಾಲ್ಕು ಹಾಳೆ ಮಡಚಿ, ಅದೇ ದಬ್ಬಳದಿಂದ ನಡುವೆ ಹೊಲಿದುಕೊಡಿ. ಮುಂದಿನ ಜೋಡಿ ಕೊಂಬು ಚಿಕ್ಕದು, ಹಿಂದಿನದು ಉದ್ದ. ಇಷ್ಟು ಹೇಳಿ ಪೆನ್ಸಿಲ್ ಮಗುವಿನ ಕೈಗೆ ಕೊಡಿ.