ಷೋಕೇಸಿನ ಹಡಗಿಗೂ ಉಸಿರಾಡಲು ಗಾಳಿ ಬೇಕು

ಮಾಗಡಿ ರಸ್ತೆಯ ನಮ್ಮ ಬ್ಯಾಡರಹಳ್ಳಿಯಿಂದ ಕಡಲು ನೋಡಬೇಕೆಂದರೆ ಒಂದು ರಾತ್ರಿ ಬಸ್ಸಿನಲ್ಲಿ ಕೂತು ಘಟ್ಟ ಇಳಿಯಬೇಕು. ಆದರೂ ಮನೆಗಳ ಷೋಕೇಸಿನಲ್ಲಿ, ಅಂಗಡಿಗಳ ಗಲ್ಲಾಪೆಟ್ಟಿಗೆಯ ಹಿಂದೆ ಮರದ ಹಡಗು ನಿಂತಿರುವುದುಂಟು. ಗಲ್ಫಿನಿಂದ ಬಂದದ್ದೋ, ಕೇರಳದ ಬೇಪೂರಿನಲ್ಲಿ ಕೊಂಡದ್ದೋ. ನಮ್ಮ ಮನೆಯಲ್ಲೂ ಒಂದಿತ್ತು.

ಇತ್ತು ಎಂದೆ, ಗಮನಿಸಿ. ಆಯುಧಪೂಜೆಯ ದಿನ ಸ್ಕೂಟರ್ ತೊಳೆದ ಹುಮ್ಮಸ್ಸಿನಲ್ಲೇ ಹಡಗನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟೆ. ಸಂಜೆಯೊಳಗೆ ಹಲಗೆಗಳು ಬಾಯಿ ಬಿಟ್ಟವು, ಹಾಯಿಯ ದಾರ ಕಿತ್ತು ಬಂತು. ಅಪ್ಪ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮರ ಕಡಿದ ಮೇಲೂ ನೀರು ಕುಡಿಯುತ್ತೆ ಸ್ವಾಮಿ! ತೇವಕ್ಕೆ ಉಬ್ಬುತ್ತೆ, ಬಿಸಿಲಿಗೆ ಕುಗ್ಗುತ್ತೆ. ನಡುವೆ ಅಂಟು ಸೋಲುತ್ತೆ. ಒಣಗಿದ ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು. ಗಾಜಿನ ಪೆಟ್ಟಿಗೆ ಒಳ್ಳೆಯದೇ, ಆದರೆ ಗಾಳಿಯಾಡಲು ಸಣ್ಣ ಸಂದು ಬಿಡಿ. ರಸ್ತೆಗೆ ಮುಖ ಮಾಡಿ ಬಿಸಿಲಿನಲ್ಲಿಟ್ಟ ಹಡಗಿನ ಬಣ್ಣ, ದಾರ ಎರಡೂ ಉಳಿಯುವುದಿಲ್ಲ, ಅಂಗಡಿಯವರು ನೆನಪಿಡಿ. ಕೆಳಗೆ ಮರದ ಹಿಟ್ಟು ಉದುರಿದ್ದರೆ ಹುಳು ಬಿದ್ದಿದೆ ಅಂತ. ತಕ್ಷಣ ಬೇರೆ ಸಾಮಾನಿನಿಂದ ದೂರ ಇಡಿ.

ಇದೆಲ್ಲ ಆಟಿಕೆಗೆ ಇಷ್ಟು ರಾಮಾಯಣವೇ ಅಂತೀರಾ? 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ನೋಡಿ. ಅಜಂತಾದ ಗೋಡೆಯ ಐದನೇ ಶತಮಾನದ ಚಿತ್ರವೊಂದೇ ಆಧಾರ, ನಕ್ಷೆ ಇಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದ ಹಡಗು ಅದು. ಕಡಲಿಗೆ ಇಳಿಯುವ ಮುಂಚೆ ಅದರ ಪುಟ್ಟ ಮಾದರಿಯನ್ನು ಮದ್ರಾಸ್ ಐ.ಐ.ಟಿ.ಯಲ್ಲಿ ನೀರಿಗೆ ಬಿಟ್ಟು ಪರೀಕ್ಷಿಸಿದರು. ಅದರ ಹಾಯಿಯ ಮೇಲೆ ನಮ್ಮ ರಾಜ್ಯಲಾಂಛನದ ಗಂಡಭೇರುಂಡ!

ಮನೆಯಲ್ಲಿ ಕಟ್ಟುವವರಿಗೂ ಒಂದು ಕ್ರಮ ಇದೆ. ಮೊದಲು ತಳದ ಬೆನ್ನುಮೂಳೆ, ಅದಕ್ಕೆ ಪಕ್ಕೆಲುಬು, ಆಮೇಲೆ ಮೇಲೆ ತೆಳು ಪಟ್ಟಿ. ಚನ್ನಪಟ್ಟಣದ ಬೊಂಬೆಯವರು ಬಳಸುವ ಆಲೆಮರ ಮೆದು, ಕೈಗೆ ಬಗ್ಗುತ್ತೆ. ಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ, ಬಾಗಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿ ಪೂರ್ತಿ ಒಣಗಲು ಬಿಡಬೇಕು. ಅವಸರ ಮಾಡಿದರೆ ಟಪ್ ಎಂದು ಮುರಿಯುತ್ತೆ, ನಾನೇ ಸಾಕ್ಷಿ.

ಅಪ್ಪನ ಹಡಗಿನ ತುಂಡುಗಳು ಬೂಟಿನ ಡಬ್ಬದಲ್ಲಿವೆ. ಈ ವಾರ ಆರು ಹಲಗೆ ಅಂಟಿಸಿದೆ. ಏಳನೆಯದು ಬಾಗಲೊಲ್ಲದು, ಅಪ್ಪ ಪಕ್ಕದಲ್ಲಿ ಕೂತು, “ಇನ್ನೂ ಸ್ವಲ್ಪ ನೆನೀಲಿ ಬಿಡೋ” ಅನ್ನುತ್ತಿದ್ದಾರೆ.