ಅಲುಗುವ ಎಂಜಿನ್ನಿಗೆ ಉಸಿರಿನ ದಾರಿ

ಮನೆಯ ಗ್ಯಾರೇಜಿನಲ್ಲಿ ವಿಮಾನ ಕಟ್ಟಿ, ಅದರಲ್ಲೇ ಕುಳಿತು ಹಾರುವ ಹವ್ಯಾಸ ಅಮೆರಿಕದಲ್ಲಿ ಬೇರುಬಿಟ್ಟು ಬಹಳ ಕಾಲವಾಯಿತು. ಅಂಥವರ ಸಂಘವಾದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಹುಟ್ಟಿದ್ದು 1953ರಲ್ಲಿ. ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ 1973ರಲ್ಲಿ ಒರೆಗಾನ್‌ನಲ್ಲಿ ಆರಂಭಿಸಿದ ಕಂಪನಿಯ ಆರ್‌ವಿ ಕಿಟ್‌ಗಳಿಂದ ಮೈತಳೆದು ಹಾರಿದ ವಿಮಾನಗಳೇ ಹತ್ತು ಸಾವಿರವನ್ನು ದಾಟಿವೆ. ಈಚಿನ ಕಿಟ್‌ಗಳಲ್ಲಿ ರೆಕ್ಕೆಯ, ಬಾಲದ ತಗಡುಗಳಿಗೆ ರಿವೆಟ್ ತೂತುಗಳು ಕಾರ್ಖಾನೆಯಲ್ಲೇ ಬಿದ್ದಿರುತ್ತವೆ. ತೂತಿಗೆ ತೂತು ಕೂಡಿದರೆ ಆಕಾರ ತಾನಾಗಿಯೇ ಸರಿಬರುತ್ತದೆ. ವಿಮಾನದ ಮೂಗಿನ ಭಾಗಕ್ಕೆ ಬಂದಾಗ ಆ ಅನುಕೂಲ ಮುಗಿಯುತ್ತದೆ. ಎಂಜಿನ್ನಿಗೆ ಹೊದಿಸುವ ಫೈಬರ್‌ಗ್ಲಾಸ್ ಕವಚ, ಅಂದರೆ ಕೌಲಿಂಗ್, ಮತ್ತು ಅದರ ಗಲ್ಲದಲ್ಲಿರುವ ಗಾಳಿಬಾಯಿಯನ್ನು ಎಂಜಿನ್ನಿಗೆ ಗಾಳಿ ಒದಗಿಸುವ ಪೆಟ್ಟಿಗೆಗೆ, ಅಂದರೆ ಏರ್ ಬಾಕ್ಸಿಗೆ, ಕೂಡಿಸುವ ಕೆಲಸ ಕಟ್ಟುವವರ ಕಣ್ಣು, ಕೈ, ಉಕ್ಕಿನ ಅಳತೆಪಟ್ಟಿಗೇ ಬಿಟ್ಟದ್ದು. ಇಲ್ಲಿ ಬಹುಪಾಲು ಜನ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಎರಡು ಬಾಯಿಗಳನ್ನು ಎದುರುಬದುರು ಕೂರಿಸಲು ದಿನಗಟ್ಟಲೆ ಒದ್ದಾಡುತ್ತಾರೆ. ಆ ಶ್ರಮದ ಹೆಚ್ಚಿನ ಪಾಲು ತಪ್ಪು ಗುರಿಗೆ ಸಲ್ಲುತ್ತಿದೆ ಎಂಬುದು ನನ್ನ ವಾದ. ಎರಡೂ ಬಾಯಿಗಳು ಒಂದೇ ಗೆರೆಯಲ್ಲಿರುವುದು ಅಷ್ಟು ಮುಖ್ಯವಲ್ಲ. ಅವು ಬೇರೆಬೇರೆಯಾಗಿ ಅಲುಗಿದರೂ ನಡುವೆ ಗಾಳಿ ಸೋರದಿರುವುದು ಮುಖ್ಯ.

ಕಾರಣ ತಿಳಿಯಲು ಎಂಜಿನ್ ಹೇಗೆ ನೇತುಬಿದ್ದಿದೆ ಎಂಬುದನ್ನು ನೋಡಬೇಕು. ಆರ್‌ವಿಗಳಲ್ಲಿ ಹೆಚ್ಚಾಗಿ ಕಾಣುವ ಲೈಕಮಿಂಗ್ ಓ-360 ನಾಲ್ಕು ಸಿಲಿಂಡರಿನ, 5.9 ಲೀಟರ್ ಗಾತ್ರದ, 180 ಅಶ್ವಶಕ್ತಿಯ ಎಂಜಿನ್. ನೂರು ಕಿಲೋಗೂ ಮೀರಿದ ಈ ಲೋಹದ ರಾಶಿ ಉಕ್ಕಿನ ಕೊಳವೆಗಳ ಚೌಕಟ್ಟಿಗೆ ನಾಲ್ಕು ಕಡೆ ದಪ್ಪ ರಬ್ಬರಿನ ಮೂಲಕ ಅಂಟಿಕೊಂಡಿರುತ್ತದೆ. ಕೌಲಿಂಗ್‌ಗೆ ಎಂಜಿನ್ನಿನ ಸಂಬಂಧವೇ ಇಲ್ಲ. ಅದನ್ನು ಹಿಡಿದಿರುವುದು ಹಿಂದಿನ ಬೆಂಕಿತಡೆ ಗೋಡೆ, ಅಂದರೆ ಫೈರ್‌ವಾಲ್‌. ಕಾರ್ಬ್ಯುರೇಟರ್ ಎಂಜಿನ್ನಿನ ಹೊಟ್ಟೆಯ ಕೆಳಗೆ, ಅದಕ್ಕೆ ಬೋಲ್ಟ್ ಮಾಡಿದ ಏರ್ ಬಾಕ್ಸ್ ಇನ್ನೂ ಕೆಳಗೆ. ಎಂಜಿನ್ ಚಾಲೂ ಆಗುವಾಗ ಮತ್ತು ನಿಲ್ಲುವಾಗ ಮೈ ಕೊಡವುತ್ತದೆ. ಪೂರ್ತಿ ಶಕ್ತಿ ಕೊಟ್ಟಾಗ ಪ್ರೊಪೆಲರ್ ತಿರುಗುವ ದಿಕ್ಕಿಗೆ ಎದುರಾಗಿ ವಾಲುತ್ತದೆ. ವಿಮಾನ ತೀವ್ರವಾಗಿ ತಿರುಗಿದಾಗ ಅದರ ಭಾರ ಎರಡು ಮೂರು ಪಟ್ಟಾಗಿ ರಬ್ಬರನ್ನು ಒತ್ತುತ್ತದೆ. ಎಂಜಿನ್ನಿಗೂ ಕವಚಕ್ಕೂ ನಡುವೆ ಸುತ್ತಲೂ ಅರ್ಧ ಇಂಚು ತೆರಪು ಬಿಡುವ ರೂಢಿ ಬಂದದ್ದು ಇದಕ್ಕಾಗಿಯೇ. ರಬ್ಬರ್ ಕಾಲಕ್ರಮದಲ್ಲಿ ಕುಗ್ಗಿ ಎಂಜಿನ್ ತುಸು ಇಳಿಯುವುದೂ ಉಂಟು. ಹೀಗಿರುವಾಗ ಎಂಜಿನ್ ನಿಂತಿದ್ದಾಗ ಕರಾರುವಾಕ್ಕಾಗಿ ಹೊಂದಿಸಿದ ಬಾಯಿಗಳು ಎಂಜಿನ್ ದುಡಿಯುವಾಗ ಹೊಂದಿಕೊಂಡಿರುವುದಿಲ್ಲ. ಹಠ ಹಿಡಿದು ಏರ್ ಬಾಕ್ಸಿನ ಮೂತಿಯನ್ನು ಕೌಲಿಂಗ್‌ಗೆ ಬಿಗಿದರಂತೂ ಅಪಾಯ ಖಚಿತ. ಎಂಜಿನ್ನಿನ ಅಲುಗಾಟವೆಲ್ಲ ಆ ತೆಳು ಮೂತಿಯ ಮೇಲೆ, ಅಲ್ಲಿಂದ ಏರ್ ಬಾಕ್ಸಿನ ತಗಡಿನ ಮೇಲೆ ಬಿದ್ದು ಬಿರುಕು ಹುಟ್ಟುತ್ತದೆ. ಏರ್ ಬಾಕ್ಸಿನಲ್ಲಿರುವ ಫಿಲ್ಟರಿನ ಆಚೆಬದಿಯಲ್ಲಿ, ಅಂದರೆ ಎಂಜಿನ್ನಿನ ಕಡೆ, ಮುರಿದ ಚೂರು ನೇರ ಕಾರ್ಬ್ಯುರೇಟರಿಗೇ ಹೋಗುತ್ತದೆ. ನಡುವೆ ತಡೆಯುವವರು ಯಾರೂ ಇಲ್ಲ.

ಇದಕ್ಕೆ ಎದುರಾಗಿ ಬರುವ ಮೊದಲ ಆಕ್ಷೇಪಣೆ ತೂಕವುಳ್ಳದ್ದೇ. ಗಾಳಿಯ ದಾರಿಯಲ್ಲಿ ಮೆಟ್ಟಿಲಿನಂಥ ಅಂಚು ಬಂದರೆ ಸುಳಿಯೆದ್ದು ಒತ್ತಡ ನಷ್ಟವಾಗುತ್ತದೆ, ವೇಗದಿಂದ ದೊರೆಯುವ ಹೆಚ್ಚುವರಿ ಒತ್ತಡವೆಲ್ಲ ಕೈತಪ್ಪುತ್ತದೆ ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತದೆ. ನಿಮಿಷಕ್ಕೆ 2400 ಸುತ್ತಿನಲ್ಲಿ, ಸಿಲಿಂಡರುಗಳು ಪೂರ್ತಿ ತುಂಬುವುದಿಲ್ಲ ಎಂಬುದನ್ನೂ ಗಣಿಸಿದರೆ, ಸೆಕೆಂಡಿಗೆ ಸುಮಾರು 100 ಲೀಟರ್ ಬೇಕು. ವಿಮಾನ ಸೆಕೆಂಡಿಗೆ 90 ಮೀಟರ್, ಅಂದರೆ ಗಂಟೆಗೆ 324 ಕಿಲೋಮೀಟರ್ ವೇಗದಲ್ಲಿದ್ದರೆ, ಅಷ್ಟು ಗಾಳಿಗೆ 11 ಚದರ ಸೆಂಟಿಮೀಟರಿನ ತೂತು ಸಾಕು. ವ್ಯಾಸ ನಾಲ್ಕು ಸೆಂಟಿಮೀಟರೂ ಇಲ್ಲ. ಆದರೆ ನೆಲದ ಮೇಲೆ ನಿಂತಾಗಲೂ ಎಂಜಿನ್ ಸಲೀಸಾಗಿ ಉಸಿರಾಡಬೇಕಾದ್ದರಿಂದ ನಿಜವಾದ ಬಾಯಿ ಇದರ ಹಲವು ಪಟ್ಟು ದೊಡ್ಡದು. ನಾಲ್ಕು ಪಟ್ಟು ಎಂದಿಟ್ಟುಕೊಂಡರೆ, ಹಾರುವಾಗ ಒಳಗಿನ ಗಾಳಿಯ ವೇಗ ನಾಲ್ಕನೆಯ ಒಂದಕ್ಕೆ ಇಳಿದಿರುತ್ತದೆ. ಈ ಇಳಿತ ನಡೆಯುವುದು ಬಾಯಿಯ ಒಳಗಲ್ಲ, ಅದರ ಮುಂದೆ, ಬಯಲಿನಲ್ಲೇ. ಅಲ್ಲಿ ಗೋಡೆಯಿಲ್ಲದ ಕಾರಣ ವೇಗ ಒತ್ತಡವಾಗಿ ಮಾರ್ಪಡುವಾಗ ನಷ್ಟವೂ ಅಷ್ಟಾಗಿ ಇಲ್ಲ. ಅಂಚಿನ ಮೇಲೆ ಬಡಿದು ಹಾಳಾಗುವ ಒತ್ತಡ ವೇಗದ ವರ್ಗಕ್ಕೆ ಅನುಗುಣವಾದುದು. ವೇಗ ನಾಲ್ಕನೆಯ ಒಂದಾದರೆ ಪಣಕ್ಕಿರುವುದು ಹದಿನಾರನೆಯ ಒಂದು ಪಾಲು, ಮೂರ್ನಾಲ್ಕು ಮಿಲಿಮೀಟರಿನ ಅಂಚು ಕೆಡಿಸುವುದು ಅದರಲ್ಲೂ ಒಂದು ತುಣುಕು. ಒಳಗಿನ ಅಂಚಿಗಿಂತ ಬಾಯಿಯ ತುಟಿಯನ್ನು ದುಂಡಗೆ ಮಾಡುವುದಕ್ಕೆ ಹೆಚ್ಚು ಗಮನ ಕೊಡಬೇಕು. ಏಕೆಂದರೆ ಒಳಗೆ ಹಿಡಿಸದ ಗಾಳಿ ಆ ತುಟಿಯನ್ನು ಬಳಸಿಕೊಂಡೇ ಹೊರಗೆ ಹರಿಯಬೇಕು.

ಹೆಚ್ಚುವರಿ ಒತ್ತಡವಾದರೂ ಎಷ್ಟು? ಸೆಕೆಂಡಿಗೆ 90 ಮೀಟರ್ ವೇಗದಲ್ಲಿ, ಸಮುದ್ರಮಟ್ಟದ ಗಾಳಿಯಲ್ಲಿ, ವಾತಾವರಣದ ಒತ್ತಡದ ಶೇ. 5ರಷ್ಟು. ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಏರಬಹುದು, ಅದೂ ಫಿಲ್ಟರಿನಲ್ಲಿ ಏನೂ ಕಳೆಯದಿದ್ದರೆ. ವಿಮಾನ ನೆಲ ಬಿಡುವ ಹೊತ್ತಿನ, ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಅದು ಶೇ. ಅರ್ಧ ಮಾತ್ರ. ಶಕ್ತಿಯ ಅಗತ್ಯ ಅತಿ ಹೆಚ್ಚಿರುವ ಗಳಿಗೆಯಲ್ಲೇ ಈ ಕೊಡುಗೆ ಇಲ್ಲದಂತಾಗುತ್ತದೆ. ಮೂನಿ ಕಂಪನಿ ತನ್ನ ಕೆಲವು ಎಂ20 ವಿಮಾನಗಳಲ್ಲಿ ಫಿಲ್ಟರನ್ನು ಬದಿಗಿಟ್ಟು ನೇರ ಗಾಳಿ ಬಿಡುವ ಬಾಗಿಲನ್ನೇ ಇಟ್ಟಿತ್ತು. ಮುಂದಿನ ಮಾದರಿಗಳಲ್ಲಿ ಅದನ್ನು ಕೈಬಿಟ್ಟಿತು. ಶೇ. 5 ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನು ಕಸಿಯುವುದು ಅಂಚಲ್ಲ, ಸೋರಿಕೆ ಎನ್ನುತ್ತಿದ್ದೇನೆ.

ಹಾಗಾದರೆ ಬಾಯಿಯ ಗೊಡವೆಯೇ ಬೇಡ, ಏರ್ ಬಾಕ್ಸ್ ಕೌಲಿಂಗ್‌ನ ಒಳಗಿನ ಗಾಳಿಯನ್ನೇ ಕುಡಿಯಲಿ ಎನ್ನುವವರೂ ಇದ್ದಾರೆ. ಕೆಲವು ಸಣ್ಣ ಎಂಜಿನ್ನುಗಳಲ್ಲಿ ಹಾಗೆ ಮಾಡುವುದೂ ಉಂಟು. ಆದರೆ ಅದು ಸಿಲಿಂಡರುಗಳನ್ನು ತಣಿಸಿ ತಾನು ಕಾದು ಬಂದ ಗಾಳಿ. ಹೊರಗೆ 30 ಡಿಗ್ರಿ ಇದ್ದು ಒಳಗೆ 60 ಡಿಗ್ರಿ ಇದ್ದರೆ ಗಾಳಿಯ ಸಾಂದ್ರತೆ ಶೇ. 9ರಷ್ಟು ಕುಸಿಯುತ್ತದೆ. ವೇಗ ಕೊಡುವುದಕ್ಕಿಂತ ಹೆಚ್ಚನ್ನು ಕಾವು ಕಿತ್ತುಕೊಳ್ಳಬಹುದು, ಅದೂ ಎಲ್ಲ ವೇಗಗಳಲ್ಲಿ. ಮೂತಿಯ ಸುತ್ತ ಬಿಟ್ಟ ತೆರಪನ್ನು ಮುಚ್ಚದಿದ್ದರೆ ಆಗುವುದೂ ಇದೇ. ವೇಗವಾಗಿ ಹಾರುವಾಗ ಬಾಯಿಗೆ ಬಂದ ಒತ್ತಡ ಆ ತೆರಪಿನಿಂದ ಕೌಲಿಂಗ್‌ನೊಳಗೆ ಸೋರಿಹೋಗುತ್ತದೆ. ಟೇಕಾಫ್ ಸಮಯದಲ್ಲಿ ಎಂಜಿನ್ನಿನ ಸೆಳೆತದ್ದೇ ಮೇಲುಗೈಯಾಗಿ, ಅದೇ ತೆರಪಿನಿಂದ ಬಿಸಿಗಾಳಿ ಒಳನುಗ್ಗುತ್ತದೆ.

ಆದ್ದರಿಂದ ತೆರಪು ಬಿಡಬೇಕು, ಅದನ್ನು ಮೃದುವಾದುದರಿಂದ ಮುಚ್ಚಲೂ ಬೇಕು. ಎಂಜಿನ್ನಿನ ಸುತ್ತ ತಂಪುಗಾಳಿ ಸೋರದಂತೆ ತಡೆಯಲು ಬಳಸುವ ಸಿಲಿಕೋನ್ ರಬ್ಬರ್ ಹಾಳೆಯ ಪಟ್ಟಿಯೇ ಇಲ್ಲಿಗೂ ಸಲ್ಲುತ್ತದೆ. ಪಟ್ಟಿಯನ್ನು ಕೂರಿಸುವ ದಿಕ್ಕು ಇಲ್ಲಿ ನಿರ್ಣಾಯಕ. ಒಳಗಿನ ಒತ್ತಡವೇ ಅದನ್ನು ಕೌಲಿಂಗ್‌ನ ಗೋಡೆಗೆ ಒತ್ತಿ ಹಿಡಿಯುವಂತಿರಬೇಕು. ರಬ್ಬರ್ ಮಡಚಿಕೊಂಡು ಒಳಗೆ ಎಳೆಯಲ್ಪಟ್ಟರೆ ದಾರಿಯೇ ಮುಚ್ಚೀತು ಎಂಬ ಅಂಜಿಕೆ ನ್ಯಾಯವಾದದ್ದು. ಅದಕ್ಕೆ ಉತ್ತರವೆಂದರೆ ಪಟ್ಟಿಯನ್ನು ಕಿರಿದಾಗಿಟ್ಟು, ಮೇಲೊಂದು ಲೋಹದ ಪಟ್ಟಿಯಿಟ್ಟು ಬಿಗಿಯುವುದು, ಕೌಲಿಂಗ್ ತೆಗೆದಾಗಲೆಲ್ಲ ಬೆರಳಾಡಿಸಿ ನೋಡುವುದು. ಇದೆಲ್ಲ ಫಿಲ್ಟರಿನ ಹೊರಬದಿಯಲ್ಲಿದೆ ಎಂಬುದೂ ಸಮಾಧಾನದ ಸಂಗತಿ. ಹರಿದ ಚೂರನ್ನು ಫಿಲ್ಟರ್ ತಡೆಯುತ್ತದೆ.

ಜೋಡಿಸುವ ಕ್ರಮವೂ ಇದರಿಂದಲೇ ಹೊರಡುತ್ತದೆ. ಎಂಜಿನ್ನಿಗೆ ಪ್ರೊಪೆಲರ್ ಸೇರಿದಂತೆ ಎಲ್ಲ ಭಾರ ಬಿದ್ದ ಮೇಲೆಯೇ ಅಳತೆ ಹಿಡಿಯಬೇಕು. ಮುಂದೆ ಎಂಜಿನ್ ಇಳಿಯುವುದೆಂದು ಪ್ರೊಪೆಲರಿನ ನಡುವಿನ ಟೊಪ್ಪಿಗೆಯಾದ ಸ್ಪಿನ್ನರನ್ನು ಕೌಲಿಂಗ್‌ಗಿಂತ ಒಂದೆರಡು ಮಿಲಿಮೀಟರ್ ಎತ್ತರಕ್ಕೆ ಬಿಡುವಂತೆ, ಏರ್ ಬಾಕ್ಸಿನ ಮೂತಿಗೂ ಕೆಳಗಡೆ ತುಸು ಹೆಚ್ಚು ತೆರಪು ಕೊಡಬೇಕು. ಕೌಲಿಂಗ್ ಮುಚ್ಚಿದ ಮೇಲೆ ಒಳಗೆ ಕಣ್ಣು ಹೋಗದು. ಮೂತಿಯ ಸುತ್ತ ಜೇಡಿಮಣ್ಣಿನಂಥ ಮೆದು ಉಂಡೆಗಳನ್ನು ಅಂಟಿಸಿ ಕೌಲಿಂಗ್ ಕೂರಿಸಿ ತೆಗೆದರೆ, ಚಪ್ಪಟೆಯಾದ ಉಂಡೆಯ ದಪ್ಪವೇ ಆ ಜಾಗದ ತೆರಪು. ತಾಗುವಲ್ಲಿ ಮೂತಿಯನ್ನು ಕತ್ತರಿಸಬೇಕು. ತೀರಾ ದೂರವಿದ್ದಲ್ಲಿ ಕೌಲಿಂಗ್‌ನ ಒಳಮೈಗೆ ಫೋಮ್ ತುಂಬಿ ಕೆತ್ತಿ, ಮೇಲೆ ಗಾಜಿನ ಬಟ್ಟೆ ಮತ್ತು ಎಪಾಕ್ಸಿ ಹಾಸಿ ಇಳಿಜಾರು ಮಾಡಬೇಕು.

ಇಷ್ಟಾದರೂ ಮುಂದಿನ ಬಾಯಿಯೊಂದನ್ನೇ ನೆಚ್ಚುವಂತಿಲ್ಲ. ಪೆಟ್ರೋಲ್ ಆವಿಯಾಗುವಾಗ ಕಾರ್ಬ್ಯುರೇಟರಿನೊಳಗಿನ ಉಷ್ಣಾಂಶ 20 ಡಿಗ್ರಿಗೂ ಹೆಚ್ಚು ಇಳಿಯಬಲ್ಲದು. ಹಾಗಾಗಿ ಹೊರಗೆ ಹಿತವಾದ, ತೇವಭರಿತ ಹವೆಯಿದ್ದಾಗಲೂ ಒಳಗೆ ಮಂಜುಗಡ್ಡೆ ಕಟ್ಟಿ ಎಂಜಿನ್ ಉಸಿರುಗಟ್ಟುತ್ತದೆ. ಅದಕ್ಕೇ ಹೊಗೆಕೊಳವೆಗೆ ಸುತ್ತಿದ ಕವಚದಿಂದ ಬಿಸಿಗಾಳಿ ತರುವ ಎರಡನೆಯ ಬಾಗಿಲು ಏರ್ ಬಾಕ್ಸಿನಲ್ಲಿರುತ್ತದೆ. ಅದನ್ನು ತೆರೆಯುವ ತಂತಿ ಫೈರ್‌ವಾಲ್‌ನಿಂದ ಹೊರಟು ಅಲುಗುವ ಪೆಟ್ಟಿಗೆಯನ್ನು ಮುಟ್ಟುತ್ತದೆ. ನೇರವಾಗಿ ಬಿಗಿದೆಳೆದು ಕಟ್ಟಿದರೆ ಎಂಜಿನ್ ವಾಲಿದಾಗ ಬಾಗಿಲು ತಾನೇ ಬಿರಿದು ಬಿಸಿಗಾಳಿ ಒಳಬರುತ್ತದೆ. ಆದ್ದರಿಂದ ತಂತಿಯ ಹೊರಕವಚವನ್ನು ಏರ್ ಬಾಕ್ಸಿನ ಮೇಲೆಯೇ ಕಟ್ಟಿ, ಅದಕ್ಕೂ ಫೈರ್‌ವಾಲ್‌ಗೂ ನಡುವೆ ಒಂದು ಸಡಿಲ ಬಳುಕು ಬಿಡಬೇಕು.