ಫ್ರಿಜ್ಜೂ ವಿದ್ಯುತ್ತಿನ ಮಿತವ್ಯಯವೂ

ನಮ್ಮ ಶಾಲೆಯಲ್ಲಿ ಕಲಿತು ಈಗ ಮನೆವಾರ್ತೆಯ ಭಾರವನ್ನು ಹೊತ್ತಿರುವ ಸೋದರಿಯರು ಆಗಾಗ ಕೇಳುವ ಪ್ರಶ್ನೆಯೊಂದುಂಟು: "ರಾತ್ರಿ ಎಲ್ಲರೂ ಮಲಗಿದ ಮೇಲೆ ಫ್ರಿಜ್ಜನ್ನು ಆರಿಸಿಟ್ಟರೆ ವಿದ್ಯುತ್ತಿನ ಖರ್ಚು ಉಳಿಯುವುದಲ್ಲವೇ?" ಮಿತವ್ಯಯದ ಬುದ್ಧಿಯಿಂದಲೇ ಹುಟ್ಟಿದ ಪ್ರಶ್ನೆಯಾದಕಾರಣ ಇದನ್ನು ನಕ್ಕು ತಳ್ಳಿಬಿಡುವುದು ಯುಕ್ತವಲ್ಲ. ಆದರೆ ಈ ಉಪಾಯದಿಂದ ಉಳಿಯುವುದು ಅತ್ಯಲ್ಪ. ಕೆಡುವುದೋ ಮಕ್ಕಳು ಕುಡಿಯುವ ಹಾಲು. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಆ ಯಂತ್ರದ ಕೆಲಸವನ್ನು ಸ್ವಲ್ಪ ಅರಿತುಕೊಳ್ಳಬೇಕು.

ಫ್ರಿಜ್ಜು ತಂಪನ್ನು ಉತ್ಪತ್ತಿಮಾಡುತ್ತದೆಂದು ಸಾಧಾರಣವಾಗಿ ನಾವು ಭಾವಿಸುತ್ತೇವೆ. ನಿಜವಾಗಿ ಅದು ಒಳಗಿನ ಉಷ್ಣವನ್ನು ಹೊತ್ತು ಹೊರಗೆ ಹಾಕುವ ಯಂತ್ರವಾಗಿದೆ. ಕೊಳವೆಗಳಲ್ಲಿ ಹರಿಯುವ ಒಂದು ದ್ರವವು ಒಳಗಡೆ ಆವಿಯಾಗುವಾಗ ಅಲ್ಲಿಯ ಉಷ್ಣವನ್ನು ಹೀರಿಕೊಳ್ಳುತ್ತದೆ. ಕಂಪ್ರೆಸರು ಆ ಆವಿಯನ್ನು ಒತ್ತಿ ಹೊರಗಿನ ಕೊಳವೆಗಳಿಗೆ ನೂಕುತ್ತದೆ. ಅಲ್ಲಿ ಅದು ಉಷ್ಣವನ್ನು ಬಿಟ್ಟು ಪುನಃ ದ್ರವವಾಗುತ್ತದೆ. ಫ್ರಿಜ್ಜಿನ ಹಿಂಬದಿಯೋ ಪಕ್ಕವೋ ಕೈಗೆ ಬೆಚ್ಚಗೆ ತಗಲುವುದು ಇದರಿಂದಲೇ ಹೊರತು ಯಂತ್ರದ ದೋಷದಿಂದಲ್ಲ. ದೋಣಿಯೊಳಗೆ ಜಿನುಗಿದ ನೀರನ್ನು ಮೊಗೆದು ಚೆಲ್ಲುವ ಕೆಲಸಕ್ಕೆ ಇದನ್ನು ಹೋಲಿಸಬಹುದು. ಎಷ್ಟು ಒಳಗೆ ಬರುವುದೋ ಅಷ್ಟನ್ನೂ ಮೊಗೆಯಲೇ ಬೇಕು.

ಈಗ ರಾತ್ರಿಯ ಪ್ರಶ್ನೆಗೆ ಬರೋಣ. ಒಳಗೆ ಬೇಕಾದಷ್ಟು ತಂಪಾದೊಡನೆ ಥರ್ಮೋಸ್ಟಾಟು ಕಂಪ್ರೆಸರನ್ನು ತಾನಾಗಿ ನಿಲ್ಲಿಸುತ್ತದೆ. ಇನ್ವರ್ಟರ್ ಮಾದರಿಯಲ್ಲಾದರೆ ನಿಧಾನಗೊಳಿಸುತ್ತದೆ. ನಾವು ಆರಿಸಿಟ್ಟರೂ ಉಷ್ಣವು ಗೋಡೆಗಳ ಮೂಲಕ ಒಳಗೆ ಸೇರುತ್ತಲೇ ಇರುವುದು. ಬೆಳಗ್ಗೆ ಅದನ್ನು ಹೊರಹಾಕಲು ಯಂತ್ರವು ಬಿಡುವಿಲ್ಲದೆ ದುಡಿಯಬೇಕಾಗುವುದು. ಉಳಿದ ಅಲ್ಪವೂ ಆಹಾರವು ಬೆಚ್ಚಗಾಗಿ ನಿಂತುದರ ಫಲವೇ. 5 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲೇರಿದಂತೆ ಹಾಲು, ಮೀನು, ಮಾಂಸಗಳಲ್ಲಿ ಸೂಕ್ಷ್ಮಜೀವಿಗಳು ಬೇಗಬೇಗನೆ ವೃದ್ಧಿಯಾಗುತ್ತವೆ. ರೋಗವನ್ನು ತರುವವುಗಳಲ್ಲಿ ಅನೇಕವು ವಾಸನೆಯಿಂದಾಗಲಿ ರುಚಿಯಿಂದಾಗಲಿ ನಮಗೆ ಸೂಚನೆ ಕೊಡುವುದಿಲ್ಲ. ಒಂದು ರಾತ್ರಿಯ ಉಳಿತಾಯವು ವೈದ್ಯರ ಒಂದು ಭೇಟಿಗೂ ಸಾಲದು.

ಹಾಗಾದರೆ ನಿಜವಾದ ಉಳಿತಾಯವೆಲ್ಲಿ? ಉಷ್ಣವು ಒಳಗೆ ಸೇರದಂತೆ ನೋಡಿಕೊಳ್ಳುವುದರಲ್ಲಿ. 80 ಡಿಗ್ರಿಯ 2 ಲೀಟರು ಸಾರನ್ನು ಹಾಗೆಯೇ ಒಳಗಿಟ್ಟರೆ ಯಂತ್ರವು ಅದನ್ನು 75 ಡಿಗ್ರಿಗಳಷ್ಟು ಇಳಿಸಬೇಕು. ಅದನ್ನೇ ಅಗಲವಾದ ಪಾತ್ರೆಗೆ ಸುರಿದು, ತಣ್ಣೀರಿನ ಬೋಗುಣಿಯಲ್ಲಿ ನಿಲ್ಲಿಸಿ, ಸೌಟಿನಿಂದ ಕಲಕಿ 30 ಡಿಗ್ರಿಗೆ ತಂದು ಇಟ್ಟರೆ 25 ಡಿಗ್ರಿ ಮಾತ್ರ, ಅಂದರೆ ಕೆಲಸದ ಮೂರರಲ್ಲಿ ಒಂದು ಪಾಲು. ಆದರೆ ಬೇಯಿಸಿದ ಪದಾರ್ಥವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡತಕ್ಕದ್ದಲ್ಲ. ಆರಿಸಲು ಸಮಯವಿಲ್ಲದಿದ್ದರೆ ಬೆಚ್ಚಗಿರುವಾಗಲೇ ಒಳಗಿಡುವುದು ಲೇಸು. ಇಲ್ಲಿ ವಿದ್ಯುತ್ತಿಗಿಂತ ಆರೋಗ್ಯವೇ ಮುಖ್ಯ.

ಕರಾವಳಿಯ ಸೋದರಿಯರಿಗೆ ಇನ್ನೊಂದು ಮಾತು. ಬಾಗಿಲು ತೆರೆದಾಗ ಒಳನುಗ್ಗುವುದು ಬಿಸಿಗಾಳಿ ಮಾತ್ರವಲ್ಲ; ಅದರೊಡನೆ ತೇವವೂ ಬರುತ್ತದೆ. ಆ ತೇವವು ನೀರಾಗಿ, ಮಂಜುಗಡ್ಡೆಯಾಗಿ ಹೆಪ್ಪುಗಟ್ಟುವಾಗಲೂ ಉಷ್ಣವನ್ನು ಬಿಡುತ್ತದೆ; ಅದನ್ನೂ ಮೊಗೆಯಬೇಕು. ಮುಚ್ಚಳವಿಲ್ಲದ ಪಾತ್ರೆಗಳಿಂದಲೂ ಇದೇ ನಷ್ಟ. ಮಂಜು ದಪ್ಪಗೆ ಕಟ್ಟುವ ಹಳೆಯ ಮಾದರಿಯಲ್ಲಿ ಅದು ಕಾಲಂಗುಲವಾಗುವ ಮೊದಲೇ ಆರಿಸಿ ಕರಗಿಸತಕ್ಕದ್ದು, ಯಾಕಂದರೆ ಆ ಪದರವು ಕಂಬಳಿಯಂತೆ ಉಷ್ಣದ ದಾರಿಯನ್ನು ಮುಚ್ಚುತ್ತದೆ. ಚೂರಿಯಿಂದ ಕೆರೆಯುವ ಆತುರವು ಬೇಡ. ಕೊಳವೆ ತೂತಾದರೆ ಯಂತ್ರವೇ ಹೋದಂತೆ.

ಬಾಗಿಲಿನ ರಬ್ಬರು ಬಿಗಿಯಾಗಿದೆಯೋ ಎಂದು ತಿಳಿಯಲು ಒಂದು ಹತ್ತು ರೂಪಾಯಿಯ ನೋಟನ್ನು ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ರಬ್ಬರನ್ನು ಮೊದಲು ಸಾಬೂನು ನೀರಿನಿಂದ ಒರಸಿ ನೋಡಿ, ಆಗಲೂ ಬಿಗಿಯಾಗದಿದ್ದರೆ ಬದಲಾಯಿಸಬೇಕು. ಒಲೆಯ ಮಗ್ಗುಲಲ್ಲಾಗಲಿ ಬಿಸಿಲು ಬೀಳುವ ಕಿಟಕಿಯ ಬಳಿಯಲ್ಲಾಗಲಿ, ಗಾಳಿಯಾಡದಂತೆ ಗೋಡೆಗೆ ಒತ್ತಿಯಾಗಲಿ ಫ್ರಿಜ್ಜನ್ನು ನಿಲ್ಲಿಸಬಾರದು. ಹಿಂಬದಿಯ ಕೊಳವೆಗಳ ಮೇಲೆ ಧೂಳು ಕೂತಿದ್ದರೆ ಪ್ಲಗ್ಗನ್ನು ತೆಗೆದು ಮೆತ್ತನೆಯ ಬ್ರಷ್ಷಿನಿಂದ ಗುಡಿಸಬೇಕು.

ತಿರುಗಣೆಯ ಮೇಲಿನ ಅಂಕೆಗಳ ವಿಷಯದಲ್ಲಿ ಅನೇಕರು ತಪ್ಪುತ್ತಾರೆ. ಅವು ಡಿಗ್ರಿಗಳಲ್ಲ, ಸಾಮಾನ್ಯವಾಗಿ ಅಂಕೆ ದೊಡ್ಡದಾದಷ್ಟೂ ತಂಪೂ ಖರ್ಚೂ ಹೆಚ್ಚು. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರನ್ನು ಅದ್ದಿ ರಾತ್ರಿಯೆಲ್ಲ ಒಳಗಿಟ್ಟು ನೋಡಿದರೆ 3 ಅಥವಾ 4 ಡಿಗ್ರಿ ಇರಬೇಕು. ಅದಕ್ಕಿಂತ ಕೆಳಗಿಳಿಸುವುದು ದುಂದು. (ಜ್ವರ ನೋಡುವ ಕಡ್ಡಿ ಇದಕ್ಕೆ ಆಗದು, ಅದರ ಅಂಕೆಗಳು 35 ಡಿಗ್ರಿಯಿಂದ ಆರಂಭವಾಗುತ್ತವೆ.)

ಹೊಸದನ್ನು ಕೊಳ್ಳುವವರು ನಕ್ಷತ್ರಗಳನ್ನು ಎಣಿಸಿ ತೃಪ್ತರಾಗದೆ, ಅದೇ ಚೀಟಿಯಲ್ಲಿ ಬರೆದಿರುವ ವರ್ಷದ ಯೂನಿಟ್ಟುಗಳನ್ನು ಓದಬೇಕು. ನಕ್ಷತ್ರಗಳ ಅಳತೆಯನ್ನು ಆಗಾಗ ಬಿಗಿಗೊಳಿಸುವುದರಿಂದ ಹಿಂದಿನ ವರ್ಷಗಳ ನಾಲ್ಕು ನಕ್ಷತ್ರಗಳು ಇಂದಿನ ನಾಲ್ಕಕ್ಕೆ ಸಮವಾಗಲಾರವು. ವರ್ಷಕ್ಕೆ 200 ಯೂನಿಟ್ಟು ಎಂದಿದ್ದರೆ ದಿನಕ್ಕೆ ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು. 60 ವಾಟಿನ ಹಳೆಯ ಬಲ್ಬನ್ನು ಒಂಬತ್ತು ಗಂಟೆ ಉರಿಸಿದಷ್ಟು. ಕುಟುಂಬಕ್ಕೆ ಬೇಕಾದುದಕ್ಕಿಂತ ದೊಡ್ಡ ಪೆಟ್ಟಿಗೆಯನ್ನು ನೆರೆಯವರನ್ನು ನೋಡಿ ಕೊಳ್ಳುವುದೂ ಒಂದು ಬಗೆಯ ಸೋರಿಕೆಯೇ ಎಂದು ನಮ್ಮ ಅಭಿಪ್ರಾಯ.

ಫ್ರಿಜ್ಜನ್ನು ಆರಿಸಿಡುವುದರಿಂದ ನಿಜವಾಗಿ ಲಾಭವಾಗುವ ಸಂದರ್ಭವೂ ಒಂದುಂಟು. ಬೇಸಗೆಯ ರಜೆಯಲ್ಲಿ ಕೆಲವು ವಾರ ಊರಿಗೆ ಹೋಗುವಾಗ ಒಳಗಿನದನ್ನೆಲ್ಲ ತೆಗೆದು, ಮಂಜನ್ನು ಕರಗಿಸಿ, ಒಣಬಟ್ಟೆಯಿಂದ ಒರಸಿ, ಬೂಷ್ಟು ಹಿಡಿಯದಂತೆ ಬಾಗಿಲನ್ನು ತುಸು ತೆರೆದಿಟ್ಟು ಹೋಗಬಹುದು.